ಸಿಂಗರಿಸಿದ ತಪ್ಪು

ಬೆಳಕು ಹರಿಯುವ ಮುಂಚೆ ಟೈಲರಮ್ಮನಿಗೆ ಇಷ್ಟು ಕೆಲಸ. ಬೀರುವಿನ ಬೀಗ ತೆಗೆದು, ಚಾಕು ಹೊರತೆಗೆದು, ತರಕಾರಿ ಹೆಚ್ಚಿ, ಅದನ್ನು ಒಳಗಿಟ್ಟು ಮತ್ತೆ ಬೀಗ ಹಾಕಬೇಕು. ನೀರು ತುಂಬಬೇಕು. ರಾತ್ರಿಪಾಳಿ ಮುಗಿಸಿ ಬರುವ ಗಂಡನಿಗೆ ತಿಂಡಿ, ಅತ್ತೆಗೆ ಬಿಸಿನೀರು. ನಾದಿನಿ ಎದ್ದು ಹೊರಟರೆ ಎಚ್ಚರವಾಗಲೆಂದು ಬಾಗಿಲಿಗೆ ಅಡ್ಡ ಹಾಸಿಕೊಂಡ ಹಾಸಿಗೆ ಸುತ್ತಬೇಕು. ಆಮೇಲೆ ಅವಳನ್ನು ಎಬ್ಬಿಸಿ, ಸ್ನಾನ ಮಾಡಿಸಿ, ಜಡೆ ಹಾಕಬೇಕು. ಇದೆಲ್ಲ ಆದ ಮೇಲೆ ಹೊಲಿಗೆ ಮೆಷಿನ್ನು. ನೆರೆಹೊರೆಯವರ ಕಣ್ಣಿಗೆ ಅದೊಂದೇ ಕೆಲಸ.

ಆ ಜಡೆಯೇ ಮುಳುವಾಗಿತ್ತು. ಮಾನಸಿಕ ಆಸ್ಪತ್ರೆಯಲ್ಲಿ ಡಾಕ್ಟರು ಮೊದಲ ಸಲ ವಿಚಾರಿಸಿದಾಗ ನಾದಿನಿ ಇಸ್ತ್ರಿ ಬಟ್ಟೆ ತೊಟ್ಟು ತಲೆಯಾಡಿಸುತ್ತ ಕೂತಿದ್ದಳು. ಮಾತೆಲ್ಲ ಟೈಲರಮ್ಮನದೇ. "ಹೇಗೋ ನಿಭಾಯಿಸ್ತಿದೀವಿ" ಅಂದಿದ್ದಳು. ಪಕ್ಕದಲ್ಲಿ ತಲೆ ಕೆದರಿಕೊಂಡು ಕೂತಿದ್ದ ಗಂಡಸನ್ನು ಅವತ್ತೇ ಸೇರಿಸಿಕೊಂಡರು. ಇವರು ಕಾಯಬಹುದು ಅಂದರು. ಕಾದು ಕಾದು ವರ್ಷವಾಗುತ್ತ ಬಂತು.

ಕಾಯುತ್ತಿರುವವರನ್ನು ನೋಡಿಹೋಗಲು ಇವತ್ತು ನರ್ಸ್ ಮನೆಗೇ ಬರುವವರಿದ್ದರು.

"ಒಳ್ಳೆ ಬಟ್ಟೆ ಹಾಕಿಸು. ಮನೆ ಮರ್ಯಾದೆ ಬೀದಿಗೆ ತರ್ಬೇಡ," ಅತ್ತೆ ಅಂದರು.

"ಅವ್ರು ಬರ್ತಿರೋದು ಕಾಯಿಲೆ ನೋಡೋಕೆ ಅತ್ತೆ, ಹೆಣ್ಣು ನೋಡೋಕಲ್ಲ."

"ಬೀರುಗೆ ಹಾಕೋ ಬೀಗ ನಾಲಿಗೆಗೂ ಒಂಚೂರು ಹಾಕ್ಕೊಳಮ್ಮ."

ಅತ್ತೆ ಒಳಗೆ ಹೋದ ಮೇಲೆ ನಾದಿನಿ ಅವಳ ಕೈ ಹಿಡಿದಳು. "ಅತ್ತಿಗೆ, ನಿನ್ನೇದು ಹೇಳಲ್ಲ ತಾನೆ? ಮಾತು ಕೊಟ್ಟಿದೀರಿ."

ನಿನ್ನೆ ಸಂಜೆ ಒಣಗಿದ ಬಟ್ಟೆ ತರಲು ತಾರಸಿಗೆ ಹೋದಾಗ ನಾದಿನಿ ಅಂಚಿನ ಗೋಡೆ ಹತ್ತಿ ನಿಂತಿದ್ದಳು. ಟೈಲರಮ್ಮ ಸೊಂಟ ತಬ್ಬಿ ಕೆಳಗೆಳೆದಳು. ಇಬ್ಬರೂ ಬಟ್ಟೆಗಳ ಮೇಲೆ ಬಿದ್ದರು. ಯಾರಿಗೂ ಹೇಳಬೇಡಿ ಎಂದು ನಾದಿನಿ ಅತ್ತಾಗ, ಅಳು ನಿಂತರೆ ಸಾಕೆಂದು ಟೈಲರಮ್ಮ ಹೂಂ ಅಂದಿದ್ದಳು.

ನರ್ಸ್ ಬಂದರು. ಜಡೆ ನೋಡಿ ನಕ್ಕರು. "ಲಕ್ಷಣವಾಗಿದಾಳೆ. ಊಟ, ನಿದ್ದೆ?"

"ಎಲ್ಲಾ ಸರಿಯಾಗಿದೆ. ಈಗ ಎಷ್ಟೋ ವಾಸಿ," ಅತ್ತೆಯೇ ಅಂದರು.

"ಹಾಗಾದ್ರೆ ಇನ್ನೊಂದಷ್ಟು ದಿನ ಕಾಯ್ತೀರಾ? ಹಾಸಿಗೆಗಳೂ ಕಮ್ಮಿ ಇವೆ."

ನಾದಿನಿಯ ಬೆರಳುಗಳು ಟೈಲರಮ್ಮನ ಅಂಗೈಯಲ್ಲಿ ಬಿಗಿಯಾದವು. ಈ ಮನೆಯಲ್ಲಿ ಆ ಹುಡುಗಿ ನಂಬಿದ್ದು ಇವಳೊಬ್ಬಳನ್ನೇ. ಹೇಳಿದರೆ ಅದೂ ಹೋಯಿತು. ಅತ್ತೆ ಕಣ್ಣಲ್ಲೇ ಗದರುತ್ತಿದ್ದರು.

"ಇಲ್ಲ," ಅಂದಳು ಟೈಲರಮ್ಮ. "ಕಾಯೋಕಾಗಲ್ಲ. ನಿನ್ನೆ ತಾರಸಿ ಗೋಡೆ ಹತ್ತಿ ನಿಂತಿದ್ಲು."

ನಾದಿನಿ ಕೈ ಕಿತ್ತುಕೊಂಡು ಗೋಡೆಯ ಕಡೆ ತಿರುಗಿದಳು. ಟೈಲರಮ್ಮ ಮಾತು ನಿಲ್ಲಿಸಲಿಲ್ಲ. "ಸ್ನಾನ, ಜಡೆ ಎಲ್ಲಾ ನಾನು ಮಾಡಿದ್ದು. ಅದನ್ನ ನೋಡಿ ಬರೀಬೇಡಿ. ಇವತ್ತೇ ಸೇರಿಸ್ಕೊಳಿ."