ಅಟ್ಟದ ಕಿಟಕಿ

ಮನೆಯ ಹಳೇ ಕಿಟಕಿಗಳನ್ನು ಕಿತ್ತು ಅಲ್ಯೂಮಿನಿಯಂ ಸ್ಲೈಡಿಂಗ್ ಹಾಕಿಸಬೇಕೆಂದು ಹಟ ಹಿಡಿದವಳು ನಾನೇ. ಹಲಸಿನ ಮರದ ಆ ಕಿಟಕಿ ಬಾಗಿಲುಗಳು ಮಳೆಗಾಲದಲ್ಲಿ ಉಬ್ಬಿ ಮುಚ್ಚುತ್ತಿರಲಿಲ್ಲ, ಬೇಸಿಗೆಯಲ್ಲಿ ಸಂದು ಬಿಟ್ಟು ಮನೆತುಂಬ ಧೂಳು. ಆದರೆ ಅಟ್ಟದ ಕಿಟಕಿಗೆ ರಿಪೇರಿ ಸಾಕು ಎಂದು ಮೊದಲೇ ಹೇಳಿದ್ದೆ. ಅದಕ್ಕೆ ಬಾಗಿಲೇ ಇಲ್ಲ, ಬರೀ ಮರದ ಸರಳು. ವರ್ಷವಿಡೀ ಅಟ್ಟದಲ್ಲಿ ಕೂತ ತೆಂಗಿನಕಾಯಿ ಆ ಗಾಳಿಗೇ ಒಣಗಿ ಕೊಬ್ಬರಿಯಾಗಬೇಕು.

ಕೆಳಗಿನ ಕೆಲಸ ಮುಗಿಯಿತು ಅಂದುಕೊಂಡರೆ, ಕೆಲಸದವನು ಹಾರೆ ಹಿಡಿದು ಅಟ್ಟ ಹತ್ತಿದ್ದ. ಪಕ್ಕದಲ್ಲಿ ನನ್ನ ಗಂಡ. ನಾನೂ ಹತ್ತಿದೆ.

“ಎಲ್ಲಾ ಒಂದೇ ಥರ ಇರ್ಲಿ ಕಣೇ, ರೋಡಿಂದ ಚೆನ್ನಾಗಿ ಕಾಣುತ್ತೆ,” ಅಂದರು ಗಂಡ.

ಒಂದು ಕಾಯಿ ಎತ್ತಿ ಅವರ ಕಿವಿಯ ಹತ್ತಿರ ಅಲ್ಲಾಡಿಸಿದೆ. ಒಳಗೆ ಇನ್ನೂ ನೀರು ಕುಲುಕಿತು.

“ಗಾಳಿ ಕಟ್ಟಿದ್ರೆ ಇವು ಕೊಳೀತವೆ ಕಣ್ರೀ.”

“ಆಗಾಗ ಸ್ಲೈಡಿಂಗ್ ತೆಗೆದಿಟ್ರಾಯ್ತು ಬುಡು.” ಕೆಲಸದವನಿಗೆ ಕೈಸನ್ನೆ ಮಾಡಿದರು. ಹಾರೆ ಚೌಕಟ್ಟಿನ ಸಂದಿಗೆ ಬಿತ್ತು.

ನನಗೆ ತಡೆಯಲಾಗಲಿಲ್ಲ. “ಈ ಅಟ್ಟ ಖಾಲಿಯಾಗ್ಲಿ, ಆಗ ಕೀಳ್ಸಿ,” ಅಂದುಬಿಟ್ಟೆ.

ತೆಂಗಿನ ಮನೆಯಲ್ಲಿ ಆಡಬಾರದ ಮಾತು ಅದು. ನಮ್ಮಲ್ಲಿ ಕಾಯನ್ನೆಲ್ಲ ಇಳಿಸಿ ಮಾರುವಾಗಲೂ ಅಟ್ಟ ಬರಿದಾಗಬಾರದೆಂದು ಮೂಲೆಯಲ್ಲಿ ನಾಲ್ಕು ಬಿಟ್ಟೇ ಇಳಿಯುತ್ತಾರೆ. ಏಣಿಯ ಬುಡದಲ್ಲಿ ಗುಡಿಸುತ್ತಿದ್ದ ಅತ್ತೆಯ ಪೊರಕೆ ನಿಂತಿತು. ಯಾರೂ ಹೇಳದೆಯೇ ಕೆಲಸದವನು ಹಾರೆ ಕೆಳಗಿಟ್ಟ.

“ಇಳಿಯಪ್ಪ ಕೆಳಕ್ಕೆ,” ಅಂದರು ಅತ್ತೆ, ಮಗನಿಗೆ. ನನ್ನನ್ನು ಕರೆಯಲಿಲ್ಲ.

ಕಿಟಕಿ ಉಳಿಯಿತು. ಆ ಸಲ ಕಾಯಿ ಇಳಿಸುವಾಗ ಅತ್ತೆ ಮೂಲೆಯಲ್ಲಿ ನಾಲ್ಕರ ಬದಲು ಒಂದು ಚೀಲದಷ್ಟು ಕಾಯಿ ಬಿಡಲು ಹೇಳಿದರು, ನನ್ನ ಮುಖವನ್ನೇ ನೋಡುತ್ತಾ.