ನೈರುತ್ಯದ ಭಾರ

ನನ್ನ ಭಾವನಿಗೆ ನನ್ನ ಮೇಲೆ ಬಹಳ ಪ್ರೀತಿ. ಮೈಸೂರಿನಲ್ಲಿ ನಾನಿದ್ದ ಕಾರ್ಖಾನೆ ಮುಚ್ಚಿ, ಕೆಲಸವಿಲ್ಲದೆ ಕೂತಿದ್ದಾಗ ವೀಸಾ ಮಾಡಿಸಿ ದೋಹಾಕ್ಕೆ ಕರೆಸಿಕೊಂಡವರು ಅವರೇ. ಅಂದಿನಿಂದ ಆ ಉಪಕಾರವನ್ನು ನೆನಪಿಸದೆ ನನಗೆ ಒಂದು ಊಟವನ್ನೂ ಬಡಿಸಿದವರಲ್ಲ. ರಾಸ್ ಲಫಾನಿನ ಗ್ಯಾಸ್ ಕಾರ್ಖಾನೆಯಲ್ಲಿ ಅವರು ದೊಡ್ಡ ಇಂಜಿನಿಯರ್. ನಾನು ಸಲ್ವಾ ರಸ್ತೆಯ ಒಂದು ಶೋರೂಮಿನಲ್ಲಿ ಹಳೆಯ ಫೋರ್ ವೀಲ್ ಗಾಡಿಗಳನ್ನು ಮಾರುತ್ತಿದ್ದೆ. ಅಲ್ ಥುಮಾಮಾದ ಅವರ ವಿಲ್ಲಾಕ್ಕೆ ಶುಕ್ರವಾರದ ಊಟಕ್ಕೆ ಜನ ಬಂದಾಗ ನನ್ನನ್ನು ತೋರಿಸಿ, "ನಮ್ಮ ಭಾವಮೈದ. ಇಂಜಿನಿಯರಿಂಗ್ ಓದಿದ್ದಾನೆ, ಈಗ ಟೈರ್ ಒರೆಸ್ತಾನೆ" ಎನ್ನುವರು. ಜನ ನಗುತ್ತಿದ್ದರು. ಅಡುಗೆಮನೆಯಿಂದ ಅಕ್ಕನೂ ನಗುತ್ತಿದ್ದಳು.

ನಾನು ಹಲ್ಲು ಕಚ್ಚಿಕೊಂಡು ಸಹಿಸುತ್ತಿದ್ದೆ, ಯಾಕೆಂದರೆ ಆ ಊಟಕ್ಕೆ ಬರುವವರೇ ನನ್ನ ಗಿರಾಕಿಗಳು. ಕನ್ನಡದವರು ಗಾಡಿ ಕೊಳ್ಳುವಾಗ ಶೋರೂಮನ್ನು ನಂಬುವುದಿಲ್ಲ, ಗೊತ್ತಿರುವ ಮನುಷ್ಯನನ್ನು ನಂಬುತ್ತಾರೆ. ನಮ್ಮ ಮಲಯಾಳಿ ಮ್ಯಾನೇಜರ್ ನನ್ನನ್ನು ಇಟ್ಟುಕೊಂಡದ್ದೂ ಅದಕ್ಕೇ. ನಿಮ್ಮವರು ಬರುವಷ್ಟು ದಿನ ನೀನು ಇರುತ್ತೀಯ, ಬರದಿದ್ದರೆ ಖಲಾಸ್ ಎಂದು ಮೊದಲ ದಿನವೇ ಹೇಳಿದ್ದ. ಗಾಡಿಯ ವಿಷಯದಲ್ಲಿ ಇವನ ಮಾತು ತಪ್ಪುವುದಿಲ್ಲ ಎಂಬ ಹೆಸರೊಂದೇ ನನ್ನ ಅನ್ನ.

ಚಳಿಗಾಲ ಬಂತೆಂದರೆ ಇಲ್ಲಿಯವರು ಮರಳಿನ ಕಡೆ ಕ್ಯಾಂಪಿಗೆ ಹೊರಡುತ್ತಾರೆ. ಆ ವರ್ಷ ಭಾವನಿಗೂ ಹುಚ್ಚು ಹತ್ತಿತು. ಊರಿಗೆ ವಾಪಸು ಹೊರಟಿದ್ದ ಒಬ್ಬ ಜರ್ಮನ್ ಸಹೋದ್ಯೋಗಿಯಿಂದ ದೊಡ್ಡದೊಂದು ಕ್ಯಾರವಾನ್ ಕೊಂಡರು. ಎರಡು ಜೊತೆ ಚಕ್ರ, ಒಳಗೆ ಮಂಚ, ಒಲೆ, ಸಿಂಕು, ಬಚ್ಚಲು. ಭಾವನಿಗೆ ಅದು ನಾಲ್ಕು ಜನರ ಮುಂದೆ ಮೆರೆಸಲು ಒಂದು ವಸ್ತು. ಅಕ್ಕನಿಗೆ ಮಾತ್ರ ಅದು ಮನೆ. ಮದುವೆಯಾದಾಗಿನಿಂದ ಕಂಪನಿ ಕೊಟ್ಟ ಗೋಡೆಗಳ ನಡುವೆಯೇ ಬದುಕಿದವಳು ಅವಳು. ಬೆಂಗಳೂರಿನಲ್ಲಿ ಒಂದು ಮನೆ ಕಟ್ಟೋಣ ಎಂದಾಗಲೆಲ್ಲ ಭಾವ, "ಈಗ ರೇಟ್ ಸರಿ ಇಲ್ಲ" ಎಂದು ಅವಳ ಬಾಯಿ ಮುಚ್ಚಿಸುತ್ತಿದ್ದರು. ಕ್ಯಾರವಾನಿನ ಪುಟ್ಟ ಕಿಟಕಿಗಳಿಗೆ ಅವಳು ತನ್ನ ರೇಷ್ಮೆ ಸೀರೆ ಕತ್ತರಿಸಿ ಪರದೆ ಹೊಲಿದಳು.

ಅದನ್ನು ಎಳೆಯಲು ಗಾಡಿ ಬೇಕಾಯಿತು. ಅಕ್ಕಿ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ ಎನ್ನುವಂತೆ ಭಾವ ಶೋರೂಮಿಗೆ ಬಂದರು. ಚಹಾ ಕುಡಿದು, ಗಾಜಿನ ಚಾವಣಿಯ ಮಿರಿಮಿರಿ ಮಿನುಗುವ ಒಂದು ಏಳು ಸೀಟಿನ ಗಾಡಿಯ ಮುಂದೆ ನಿಂತು, "ಇದು ಮೈಲೇಜ್ ಎಷ್ಟು ಕೊಡುತ್ತೋ?" ಎಂದರು. ಮನೆಯಷ್ಟು ದೊಡ್ಡದನ್ನು ಎಳೆಯಲು ಹೊರಟವನು, ಅದೂ ಪೆಟ್ರೋಲು ಇಷ್ಟು ಅಗ್ಗವಿರುವ ಈ ದೇಶದಲ್ಲಿ, ಮೊದಲು ಕೇಳುವ ಪ್ರಶ್ನೆಯೇ ಅದು.

"ಭಾವ, ಇದು ಮಕ್ಕಳನ್ನ ಸ್ಕೂಲಿಗೆ ಬಿಡೋ ಗಾಡಿ. ಇದಕ್ಕೆ ಆ ಕ್ಯಾರವಾನ್ ಕಟ್ಟಿದ್ರೆ, ಅದೇ ನಿಮ್ಮನ್ನ ಎಳ್ಕೊಂಡು ಹೋಗುತ್ತೆ" ಎಂದೆ.

"ನಿಂಗೆ ದೊಡ್ಡ ಗಾಡಿ ಮಾರಿದ್ರೆ ಕಮಿಷನ್ ಜಾಸ್ತಿ. ನಂಗೊತ್ತಿಲ್ವೇನೋ?" ಎಂದರು, ಪಕ್ಕದಲ್ಲಿದ್ದ ಇಬ್ಬರು ಗಿರಾಕಿಗಳಿಗೆ ಕೇಳುವ ಹಾಗೆ.

ಆದರೂ ನಾನು ಬಿಡಲಿಲ್ಲ. ಎಳೆಯುವುದು ಎಳೆಸಿಕೊಳ್ಳುವುದಕ್ಕಿಂತ ಹಗುರವಾಗಿರಬಾರದು, ಗಾಡಿ ಉದ್ದವಿರಬೇಕು, ಅಡಿಯಲ್ಲಿ ಲಾರಿಗಿರುವಂಥ ಗಟ್ಟಿ ಚಾಸಿ ಇರಬೇಕು, ಗೇರ್‌ಬಾಕ್ಸಿನ ಎಣ್ಣೆ ತಣಿಸಲು ಬೇರೆ ಕೂಲರ್ ಇರಬೇಕು ಎಂದು ಶುಕ್ರವಾರದ ಮೇಲೆ ಶುಕ್ರವಾರ ಅದನ್ನೇ ಹೇಳಿದೆ. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು. ಕೊನೆಗೆ ಶೋರೂಮಿಗೆ ಎಂಟು ಸಿಲಿಂಡರಿನ ಒಂದು ಜಪಾನಿ ಗಾಡಿ ಬಂತು. ನೋಡಲು ಒರಟು, ಎಳೆಯಲು ಆನೆ. ನಾನೇ ಖಾಲಿ ಕ್ಯಾರವಾನನ್ನು ಅದಕ್ಕೆ ಕಟ್ಟಿ, ಅಕ್ಕ ಭಾವನನ್ನು ಕೂರಿಸಿಕೊಂಡು ಹೆದ್ದಾರಿಯಲ್ಲಿ ಹೋಗಿಬಂದೆ. ಕ್ಯಾರವಾನ್ ಅತ್ತಿತ್ತ ಒಂದಿಷ್ಟೂ ಅಲುಗದೆ ಹಿಂದೆ ಬಂತು. "ನನ್ನ ಮಾತಿನ ಮೇಲೆ ತಗೊಳ್ಳಿ" ಎಂದೆ. ಭಾವ ತೆಗೆದುಕೊಂಡರು. ಊಟಕ್ಕೆ ಬಂದವರಿಗೆಲ್ಲ ತಾನೇ ಹುಡುಕಿ ಆರಿಸಿದ್ದು ಎಂದು ಹೇಳಿಕೊಂಡರು. ನನಗೆ ಅದರಿಂದ ಬೇಸರವಾಗಲಿಲ್ಲ. ಗಾಡಿ ಸರಿಯಾಗಿತ್ತು, ಅಷ್ಟು ಸಾಕಿತ್ತು.

ಹೊರಡುವ ಹಿಂದಿನ ದಿನ ಕ್ಯಾರವಾನಿಗೆ ಗೃಹಪ್ರವೇಶ. ಗಾಡಿಗೆ ನಿಂಬೆಹಣ್ಣು ಇಟ್ಟು ಪೂಜೆ ಮಾಡುವುದು ಎಲ್ಲರಿಗೂ ಗೊತ್ತು. ಇದು ಹಾಗಲ್ಲ, ಪೂರ್ತಿ ಮನೆಯ ಲೆಕ್ಕ. ವಾರದ ದಿನಗಳಲ್ಲಿ ಅಕೌಂಟ್ಸ್ ಬರೆಯುವ ನಮ್ಮ ಪುರೋಹಿತರು ಮಡಿ ಪಂಚೆ ಉಟ್ಟು ಬಂದರು. ಬಾಗಿಲು ಪೂರ್ವಕ್ಕೆ ಬರಬೇಕೆಂದು ಕ್ಯಾರವಾನಿನ ಮೂತಿಯನ್ನು ಉತ್ತರಕ್ಕೆ ತಿರುಗಿಸಿ ನಿಲ್ಲಿಸಿದೆವು. ಒಲೆಯ ಮೇಲೆ ಹಾಲು ಉಕ್ಕಿತು. ಅಕ್ಕ ಕಣ್ಣೊರೆಸಿಕೊಂಡಳು.

ಆಮೇಲೆ ಸಾಮಾನು. ವಾಸ್ತುವಿನಲ್ಲಿ ನೈರುತ್ಯ ಮೂಲೆ ಭಾರವಾಗಿರಬೇಕು, ಅಲ್ಲಿ ಭಾರವಿದ್ದರೆ ಯಜಮಾನ ಸ್ಥಿರವಾಗಿರುತ್ತಾನೆ ಎನ್ನುತ್ತಾರೆ. ನಮ್ಮಮ್ಮನ ಒರಳುಕಲ್ಲನ್ನು ಅಕ್ಕ ಹಡಗಿನ ಕಂಟೇನರಿನಲ್ಲಿ ತರಿಸಿ ಇಟ್ಟುಕೊಂಡಿದ್ದಳು. ಅದು ನೈರುತ್ಯಕ್ಕೆ ಹೋಯಿತು. ಅದರ ಪಕ್ಕ ಗಿಡ್ಡದೊಂದು ಕಬ್ಬಿಣದ ಬೀರು, ಅದರ ಮೇಲೆ ಅಕ್ಕಿ ಮೂಟೆ, ನೀರಿನ ಕ್ಯಾನುಗಳು. ಮೂತಿ ಉತ್ತರಕ್ಕಿರುವ ಕ್ಯಾರವಾನಿನಲ್ಲಿ ನೈರುತ್ಯ ಎಂದರೆ ಕಟ್ಟಕಡೆಯ ಹಿಂಭಾಗ. ಹಿಂದೆ ಭಾರವಾದರೆ ಮುಂದಿನ ಕೊಂಡಿ ಮೇಲಕ್ಕೆ ಎದ್ದು ಗಾಡಿಯ ಹಿಡಿತ ಹೋಗುತ್ತದೆ, ರಸ್ತೆಯಲ್ಲಿ ಕ್ಯಾರವಾನ್ ನಾಯಿ ಬಾಲದಂತೆ ಅಲ್ಲಾಡುತ್ತದೆ. ಅದಕ್ಕೆ ಎಷ್ಟು ಸಿಲಿಂಡರ್ ಇದ್ದರೂ ಪ್ರಯೋಜನವಿಲ್ಲ.

"ಅಕ್ಕ, ಇದನ್ನೆಲ್ಲ ಮಧ್ಯಕ್ಕೆ, ಚಕ್ರದ ಮೇಲಕ್ಕೆ ತಂದಿಡು. ಇಲ್ಲಿದ್ರೆ ಮಗುಚುತ್ತೆ" ಎಂದೆ. ಭಾವ ಪುರೋಹಿತರ ಕಡೆ ತಿರುಗಿ, "ಟೈರ್ ಒರೆಸೋನು ವಾಸ್ತು ಹೇಳ್ತಾನೆ, ಕೇಳಿ" ಎಂದರು. ಪುರೋಹಿತರು ಮೀಸೆಯಲ್ಲೇ ನಕ್ಕರು. ಅಕ್ಕ ನನ್ನ ತೋಳು ಹಿಡಿದು ಮೆಲ್ಲಗೆ, "ಇವತ್ತು ಇಟ್ಟಿದ್ದನ್ನ ಇವತ್ತೇ ಕದಲಿಸಬಾರದು ಕಣೋ. ನಾಳೆ ಬೆಳಿಗ್ಗೆ ಹೊರಡೋಕ್ ಮುಂಚೆ ಜರುಗಿಸ್ತೀನಿ" ಎಂದಳು. ಒಡಹುಟ್ಟಿದವಳ ಮಾತು. ನಂಬಿ ಓಲ್ಡ್ ಏರ್‌ಪೋರ್ಟ್ ಬಡಾವಣೆಯ ನನ್ನ ರೂಮಿಗೆ ಹೋದೆ.

ಬೆಳಿಗ್ಗೆ ಯಾರೂ ಏನನ್ನೂ ಜರುಗಿಸಲಿಲ್ಲ. ಮರಳುದಿಬ್ಬಗಳಿರುವ ಮಿಸಯೀದ್ ಕಡೆಯ ಹೆದ್ದಾರಿಯಲ್ಲಿ ಒಂದು ಟ್ಯಾಂಕರ್ ಪಕ್ಕದಲ್ಲಿ ಹಾದುಹೋದ ಗಾಳಿಗೆ ಕ್ಯಾರವಾನ್ ಬಾಲ ಆಡಿಸಿತು. ಭಾವ ಬ್ರೇಕ್ ಒತ್ತಿದರು. ಕೊಂಡಿ ಮುರಿದು ಕ್ಯಾರವಾನ್ ಮಗ್ಗುಲಾಯಿತು. ಗಾಡಿ ಮಾತ್ರ ಅರ್ಧ ಸುತ್ತು ತಿರುಗಿ ನಾಲ್ಕು ಚಕ್ರಗಳ ಮೇಲೆ ನಿಂತಿತು. ಒಳಗಿದ್ದ ಇಬ್ಬರಿಗೂ ಒಂದು ಗೀರೂ ಬೀಳಲಿಲ್ಲ. ಬೇರೆ ಗಾಡಿಯಾಗಿದ್ದರೆ ಇಬ್ಬರೂ ಇರುತ್ತಿರಲಿಲ್ಲ. ಅದನ್ನು ಇವತ್ತಿಗೂ ಯಾರ ಮುಂದೆ ಬೇಕಾದರೂ ಹೇಳುತ್ತೇನೆ.

ಫೋನು ಬಂದು ನಾನು ಅಲ್ಲಿಗೆ ಹೋದಾಗ ಒರಳುಕಲ್ಲು ಗೋಡೆ ಒಡೆದುಕೊಂಡು ಹೊರಗೆ ಮರಳಲ್ಲಿ ಬಿದ್ದಿತ್ತು. ಅಕ್ಕ ಹರಿದ ರೇಷ್ಮೆ ಪರದೆಗಳನ್ನು ಮಡಚಿ ಮಡಚಿ ಕೈಚೀಲಕ್ಕೆ ತುಂಬಿಕೊಳ್ಳುತ್ತಿದ್ದಳು. ಭಾವ ಪೊಲೀಸಿನವನ ಮುಂದೆಯೇ, "ಎಂಥ ಗಾಡಿ ಕೊಟ್ಟೆಯೋ ಮನೆಹಾಳ" ಎಂದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಕೆನ್ನೆಗೆ ಬಾರಿಸಬೇಕೆನಿಸಿತು. ಅಕ್ಕನ ಮುಖ ನೋಡಿ ಕೈ ಕಟ್ಟಿ ನಿಂತೆ.

ಮುಂದಿನ ಶುಕ್ರವಾರ ವಿಚಾರಿಸಲು ಎಲ್ಲರೂ ಬಂದರು. ಊಟದ ಮಧ್ಯೆ ಒಬ್ಬರು, "ಇಷ್ಟಕ್ಕೂ ಆ ಗಾಡಿ ಆರಿಸಿದ್ದು ಯಾರು ಸಾರ್?" ಎಂದರು. ತಾನೇ ಆರಿಸಿದ್ದೆಂದು ಮೆರೆದಿದ್ದ ಭಾವ ಈಗ ನನ್ನತ್ತ ಕೈ ಮಾಡಿ, "ಇನ್ಯಾರು, ನಮ್ಮ ಇಂಜಿನಿಯರು. ಮನೇವನು ಅಂತ ನಂಬಿದೆ" ಎಂದರು. ನನ್ನಿಂದ ಗಾಡಿ ಕೊಂಡವರು, ಆ ತಿಂಗಳು ಕೊಳ್ಳಬೇಕಾದವರು, ಎಲ್ಲರೂ ತಟ್ಟೆ ಬಿಟ್ಟು ನನ್ನನ್ನು ನೋಡಿದರು.

"ಗಾಡೀದು ತಪ್ಪಿಲ್ಲ. ಭಾರ ಹಿಂದಿತ್ತು, ಹಿಂದಿನ ದಿನವೇ ಹೇಳಿದ್ದೆ. ಅಕ್ಕ, ನೀನೇ ಹೇಳು, ಮಧ್ಯಕ್ಕೆ ಇಡು ಅಂದಿರಲಿಲ್ವಾ?"

ಅಕ್ಕ ಹುಳಿ ಬಡಿಸುತ್ತಿದ್ದಳು. ಸೌಟು ಕೆಳಗಿಡಲಿಲ್ಲ. "ನೀನು ಏನೂ ಹೇಳಿರಲಿಲ್ಲ ಕಣೋ" ಎಂದು ಪಕ್ಕದವರ ತಟ್ಟೆಗೆ ಹೋದಳು. ಅಲ್ಲೇ ಕೂತಿದ್ದ ಪುರೋಹಿತರಿಗೆ ಆಗ ಮಜ್ಜಿಗೆಮೆಣಸು ಬಹಳ ರುಚಿಯಾಗಿ ಕಂಡಿತು. ತಲೆ ಎತ್ತಲೇ ಇಲ್ಲ.

ಎದ್ದು ಅವಳ ಹಿಂದೆಯೇ ಅಡುಗೆಮನೆಗೆ ಹೋದೆ. "ಯಾಕಕ್ಕ ಹಾಗಂದೆ? ಇನ್ಮೇಲೆ ನನ್ನ ಹತ್ರ ಯಾರು ಗಾಡಿ ತಗೋತಾರೆ? ನನ್ನ ಕೆಲಸ ಹೋಗುತ್ತೆ, ಗೊತ್ತಲ್ವಾ?"

"ಗೊತ್ತು." ಅವಳು ಪಾತ್ರೆಯ ತಳ ಕೆರೆದಳು. "ಮೊದಲೇ ಮನೆ ಹೋಯ್ತು ಅಂತ ಉರೀತಿದಾರೆ. ಎಲ್ಲರ ಮುಂದೆ ಅವರದ್ದೇ ತಪ್ಪು ಅಂದಿದ್ರೆ, ನೀವೆಲ್ಲ ಎದ್ದುಹೋದ ಮೇಲೆ ಇಲ್ಲಿ ಇರೋಳು ನಾನು. ನಿಂಗೆ ಬೇರೆ ಕೆಲಸ ಸಿಗುತ್ತೆ ಕಣೋ. ನಂಗೆ ಬೇರೆ ಗಂಡ ಸಿಗಲ್ಲ."

ಹೇಳಿದವಳೇ ಡಬ್ಬಿಯೊಂದಕ್ಕೆ ಹುಳಿ ತುಂಬಿ, ಮುಚ್ಚಳ ಬಿಗಿದು, ರಾತ್ರಿಗಾಗುತ್ತೆ ಎಂದು ಕೈಗಿಟ್ಟಳು. ನಾನು ಡಬ್ಬಿಯನ್ನು ಸಿಂಕಿನ ಪಕ್ಕ ಇಟ್ಟು ಹೊರಟುಬಂದೆ.

ಕನ್ನಡದವರು ಬರುವುದನ್ನು ನಿಲ್ಲಿಸಿದರು. ಮ್ಯಾನೇಜರ್ ಖಲಾಸ್ ಎಂದ. ಅಕ್ಕ ಹೇಳಿದ ಹಾಗೆ ಬೇರೆ ಕೆಲಸ ಸಿಕ್ಕಿತು, ಒಂದು ಗೋದಾಮಿನಲ್ಲಿ. ಭಾವ ಆ ಗಾಡಿಯನ್ನು ಮಾರಲಿಲ್ಲ. ಎಂಥ ಗಾಡಿ ಎಂದು ಬೈದ ಅದರಲ್ಲೇ ಇವತ್ತಿಗೂ ದಿನಾ ರಾಸ್ ಲಫಾನಿಗೆ ಹೋಗಿಬರುತ್ತಾರೆ. ಮೊನ್ನೆ ಸಿಗ್ನಲ್ಲಿನಲ್ಲಿ ಅದು ನನ್ನ ಪಕ್ಕವೇ ಬಂದು ನಿಂತಿತು. ಅಕ್ಕ ಈ ಕಡೆಯ ಕಿಟಕಿಯಲ್ಲಿದ್ದಳು. ನನ್ನನ್ನು ನೋಡಿದಳು, ಒಮ್ಮೆ ಭಾವನ ಕಡೆ ನೋಡಿದಳು, ಆಮೇಲೆ ಗಾಜು ಏರಿಸಿದಳು.