ಹಿತ್ತಲ ಗಾಲ್ಫಿಗೆ ಬಿಟ್ಟಿ ಬದು

ಯಾವ ಆಟವೇ ಆಗಲಿ, ಮೊದಲ ಸಲ ಆಡಿದಾಗ ಸೋಲುವುದು ಒಳ್ಳೆಯದು. ಸೋತವನು ಕೈ ಕೊಡವಿಕೊಂಡು ಮನೆಗೆ ಬರುತ್ತಾನೆ. ಗೆದ್ದವನು ಆಟವನ್ನೇ ಮನೆಗೆ ತರುತ್ತಾನೆ. ನನ್ನ ದುರದೃಷ್ಟಕ್ಕೆ ನಾನು ಸಾಣಾಪುರದಲ್ಲಿ ಗೆದ್ದುಬಿಟ್ಟೆ.

ಗಂಗಾವತಿಯಲ್ಲಿ ನನ್ನದೊಂದು ಟೈಲ್ಸ್ ಅಂಗಡಿ. ಸಾಣಾಪುರದ ಕೆರೆಯ ಹತ್ತಿರ ಪ್ರವಾಸಿಗರ ವಸತಿಗೃಹವೊಂದಕ್ಕೆ ಬಚ್ಚಲಿನ ಟೈಲ್ಸ್ ಇಳಿಸಲು ಹೋಗಿದ್ದೆ. ಅವರ ಹಿತ್ತಲಲ್ಲಿ ಪ್ಲಾಸ್ಟಿಕ್ ಹುಲ್ಲಿನ ಹಾಸು, ಅದರಲ್ಲೊಂದು ಪುಟ್ಟ ಕುಳಿ, ಒಂದು ಕೋಲು, ಒಂದು ಬಿಳಿ ಚೆಂಡು. ಗಾಲ್ಫಿನ ಕೊನೆಯ ಹೊಡೆತವನ್ನು, ಅಂದರೆ ಚೆಂಡನ್ನು ಮೆಲ್ಲಗೆ ಉರುಳಿಸಿ ಕುಳಿಗೆ ಕೆಡವುವುದನ್ನು, ಇದರ ಮೇಲೆ ಕಲಿಯುತ್ತಾರಂತೆ. ಪಟ್ಟಿಂಗ್ ಗ್ರೀನ್ ಎಂದು ಹೆಸರು. ಮಾಲೀಕರು ಉಪಚಾರಕ್ಕೆ, "ಒಂದು ಹೊಡೀರಲ್ಲ ಸಾವ್ಕಾರ್ರ" ಅಂದರು. ಹೊಡೆದೆ. ಚೆಂಡು ಕುಳಿಯ ಅಂಚಿನಲ್ಲಿ ನಿಂತು ಒಂದು ಕ್ಷಣ ಚೌಕಾಸಿ ಮಾಡಿ ಒಳಗೆ ಬಿತ್ತು. 'ಟಕ್' ಅಂತ ಒಂದು ಸದ್ದು. ವ್ಯಾಪಾರ ಕುದುರಿದಾಗ ಎದೆಯೊಳಗೆ ಆಗುವ ಸದ್ದು ಅದೇ. ಇಷ್ಟು ವರ್ಷ ಅದನ್ನು ಒಳಗೆ ಮಾತ್ರ ಕೇಳಿದ್ದೆ. ಅಂದು ಹೊರಗೂ ಕೇಳಿದೆ.

ನಮ್ಮ ಹಿತ್ತಲು ನನ್ನ ಹೆಸರಿನಲ್ಲಿದೆ, ಆದರೆ ನನ್ನದಲ್ಲ. ಅದು ನನ್ನ ಹೆಂಡತಿ ಗಿರಿಜಾಳ ಸಂಡಿಗೆ, ಹಪ್ಪಳ, ಶಾವಿಗೆ, ಮೆಣಸಿನಕಾಯಿಗಳ ಸಂಸ್ಥಾನ. ಅರ್ಧ ಹಿತ್ತಲು ಕೇಳಿದೆ. ಅವಳು ಒಣಗಿದ ಸಂಡಿಗೆ ತಿರುವಿ ಹಾಕುತ್ತಲೇ ಕರಾರು ಹೇಳಿದಳು: "ಮಾಡಿಕೋರಿ. ಆದ್ರ ಮಳಿ ಬಿದ್ದ ಮರುದಿನ ನಾ ಅದರ ಮ್ಯಾಲ ಸಂಡಗಿ ಹಾಕುವಂಗ ಒಣಗಿರಬೇಕು. ನೀರು ನಿಂತ್ರ ಹುಲ್ಲು ಸುತ್ತಿ ಅಟ್ಟಕ್ಕ ಏರಸ್ರಿ, ಹಿತ್ತಲ ನನಗ ಬಿಡ್ರಿ."

ಇಷ್ಟು ಸಲೀಸಾಗಿ ಒಪ್ಪಿದವರ ಕರಾರನ್ನು ಎರಡು ಸಲ ಓದಬೇಕು. ನಾನು ಒಂದೇ ಸಲ ಓದಿದೆ.

ಹುಲ್ಲನ್ನು ಕೊಪ್ಪಳದಲ್ಲಿ ಕೊಂಡೆ. ನೀವೂ ಕೊಳ್ಳುವವರಿದ್ದರೆ ಒಂದು ಮಾತು. ಬಣ್ಣ ನೋಡಿ ಮರುಳಾಗಬೇಡಿ. ಅಂಗಡಿಯಲ್ಲೇ ಹಾಸನ್ನು ಎತ್ತಿ ಹಿಡಿಸಿ ಒಂದು ಚೊಂಬು ನೀರು ಸುರಿಯಿರಿ. ಅಡಿಯ ತೂತುಗಳಿಂದ ನೀರು ದಡದಡ ಇಳಿದರೆ ಒಳ್ಳೆಯ ಮಾಲು. ಅಂಗಡಿಯವನು ಮುಖ ಸಿಂಡರಿಸಿದರೆ ಇನ್ನೂ ಒಳ್ಳೆಯದು, ದರ ಇಳಿಸಲು ಅದೇ ಹೊತ್ತು.

ನೆಲ ಹದ ಮಾಡಲು ಹನುಮಂತಪ್ಪನನ್ನು ಕರೆಸಿದೆ. ಕಾಲುವೆ ಸೀಮೆಯಲ್ಲಿ ಭತ್ತದ ಗದ್ದೆ ಮಟ್ಟ ಮಾಡುವುದರಲ್ಲಿ ಅವನ ಕೈಗೆ ದೊಡ್ಡ ಹೆಸರು. ಎಂಥವನೇ ಆಗಲಿ, ಚೌಕಾಸಿ ಮಾಡದೆ ಕೆಲಸ ಕೊಟ್ಟರೆ ನನಗೆ ಊಟ ಸೇರುವುದಿಲ್ಲ. ದರದಲ್ಲಿ ಅವನು ಜಗ್ಗಲಿಲ್ಲ. "ಹಂಗಾದ್ರ ಸುತ್ತಲೂ ಒಂದು ಬದು ಫುಕ್ಕಟ ಹಾಕಿಕೊಡು" ಅಂದೆ. ಸುತ್ತ ಏರಿಯಂತೆ ಮಣ್ಣಿನ ಅಂಚು ಇದ್ದರೆ ಚೆಂಡು ಆಚೆ ಹೋಗುವುದಿಲ್ಲವೆಂದು ನನ್ನ ಲೆಕ್ಕ. ಅವನು ತಲೆ ಕೆರೆದುಕೊಂಡು ಒಪ್ಪಿದ. ಎರೆಮಣ್ಣಿಗೆ ನೀರು ಹಾಕಿ ತುಳಿದು, ರಸಮಟ್ಟ ಇಟ್ಟು, ಕನ್ನಡಿಯಂತೆ ಸಮ ಮಾಡಿ, ಸುತ್ತಲೂ ಚಂದದ ಬದು ಕಟ್ಟಿದ. ಬಿಟ್ಟಿ ಬಂದ ಬದುವನ್ನು ನಾನು ಸಂಜೆಯೆಲ್ಲ ನೋಡುತ್ತಾ ಕೂತೆ. ಹುಲ್ಲು ಹಾಸಿದೆವು. ಮುಂಗಾರಿನ ಮೊದಲ ಮಳೆ ಬಂತು.

ಬೆಳಿಗ್ಗೆ ಎದ್ದು ನೋಡಿದರೆ ಹಸಿರು ಹಾಸಿನ ಮೇಲೆ ತಿಳಿನೀರು ತುಂಬಿ ನಿಂತಿತ್ತು. ಕುಳಿ ಎಲ್ಲಿದೆಯೆಂದು ಕಾಣಲಿಲ್ಲ. ಕಪ್ಪೆಗಳಿಗೆ ಯಾರು ಹೇಳಿಕಳಿಸಿದ್ದರೋ, ಸಕುಟುಂಬ ಬಂದಿದ್ದವು.

ಗಿರಿಜಾ ಚಹಾದ ಕಪ್ಪು ಹಿಡಿದು ಬಾಗಿಲಲ್ಲಿ ನಿಂತಳು. "ನಾಟಿ ಯಾವಾಗ್ರಿ? ಆಳಿಗೆ ಹೇಳ್ಬೇಕು."

ಹನುಮಂತಪ್ಪನನ್ನು ಕರೆಸಿದೆ. ಅವನ ಮುಖದಲ್ಲಿ ಹೆಮ್ಮೆಯೇ ಹೆಮ್ಮೆ. "ನೋಡ್ರಿ ಸಾವ್ಕಾರ್ರ, ಎಲ್ಲಾ ಕಡಿ ಒಂದಾ ಸಮ ನಿಂತೈತಿ. ಎಲ್ಲ್ಯಾರ ಹೆಚ್ಚು ಕಮ್ಮಿ ಐತೇನು?"

"ನಿಲ್ಲಬಾರದಿತ್ತೋ ಯಪ್ಪಾ."

"ನಿಲ್ಲಬಾರದು ಅಂದ್ರ ಬದು ಯಾಕ ಕೇಳಿದ್ರಿ?"

ತಪ್ಪು ಅವನದಲ್ಲ, ನಮ್ಮ ಸೀಮೆಯದು. ನಾನು ಹುಟ್ಟಿದ್ದು ಕುಷ್ಟಗಿ ಕಡೆಯ ಒಣನೆಲದಲ್ಲಿ. ಅಲ್ಲಿ ಬಿದ್ದ ಹನಿ ಹೊಲ ದಾಟಿ ಹೋದರೆ ಮನೆಯ ಮಗಳು ಮುನಿಸಿಕೊಂಡು ಹೋದಷ್ಟು ಸಂಕಟಪಡುತ್ತಾರೆ. ಬದುಕು ಕಟ್ಟಿಕೊಂಡದ್ದು ಗಂಗಾವತಿಯಲ್ಲಿ. ಇಲ್ಲಿ ಕಾಲುವೆಯ ನೀರನ್ನು ಗದ್ದೆಯಲ್ಲಿ ನಿಲ್ಲಿಸಿಕೊಳ್ಳುವುದೇ ಬೇಸಾಯ. ನೀರಿಗೆ 'ಬಾ' ಅನ್ನುವುದು, 'ಇರು' ಅನ್ನುವುದು ಎರಡೂ ನಮಗೆ ಗೊತ್ತು. 'ಹೋಗಿ ಬಾ' ಅನ್ನುವುದನ್ನು ಯಾರೂ ಕಲಿಸಲಿಲ್ಲ.

ಹಾಗಂತ ಹೆಂಡತಿಗೆ ವಿವರಿಸಿದೆ. ಅವಳು ಕಪ್ಪು ಕೆಳಗಿಟ್ಟಳು. "ಊರ ಮಂದಿಗೆಲ್ಲಾ ಬಚ್ಚಲದ ಇಳಿಜಾರು ಹ್ಯಾಂಗಿರಬೇಕು ಅಂತ ಹೇಳೋರು ನೀವಾ ಅಲ್ಲೇನು? ಟೈಲ್ಸ್ ತಗೊಂಡವರಿಗೂ ಹೇಳ್ತೀರಿ, ತಗೊಳ್ಳದವರಿಗೂ ಹೇಳ್ತೀರಿ."

ಚೌಕಾಸಿಯ ಬಲದಿಂದ ಇನ್ನೊಂದು ಅವಕಾಶ ಬೇಡಿದೆ. "ಒಂದಾ ಮಳಿ" ಅಂದಳು.

ಆ ವಾರ ತಳಕಲ್ಲಿನ ಬೀಗರ ಮನೆಗೆ ಹೋದವನು ಹತ್ತಿರದ ಇಟಗಿಯ ಹಳೆಯ ಕಲ್ಲಿನ ದೇವಸ್ಥಾನಕ್ಕೂ ಹೋದೆ. ಎಲ್ಲರೂ ಕೆತ್ತನೆ ನೋಡುತ್ತಿದ್ದರು; ನಾನು ಸೂರಿನ ಕಲ್ಲು ನೋಡುತ್ತಾ ನಿಂತೆ. ಅಷ್ಟು ಭಾರದ ಕಲ್ಲನ್ನೂ ಹೊರಮುಖವಾಗಿ ಇಳಿಜಾರು ಮಾಡಿ ಕೂರಿಸಿದ್ದಾರೆ. ಶಿಲ್ಪಿಯ ಉಳಿಯನ್ನು ಹೊಗಳುವವರು ಬೇಕಾದಷ್ಟು ಜನ. 'ನೀರು ಈ ಕಡೆ ಹೋಗಲಿ' ಎಂದವನನ್ನು ಹೊಗಳಲು ಒಬ್ಬ ಬಚ್ಚಲಿನ ವ್ಯಾಪಾರಿಯೇ ಬರಬೇಕಾಯಿತು.

ಮರಳಿ ಬಂದು ಬದು ಒಡೆಸಿದೆ. ಬಿಟ್ಟಿ ಬಂದದ್ದನ್ನು ದುಡ್ಡು ಕೊಟ್ಟು ಒಡೆಸುವ ನೋವು ವ್ಯಾಪಾರಿಗೇ ಗೊತ್ತು. ನೀರು ಕುಡಿದು ಉಬ್ಬುವ ಎರೆಮಣ್ಣನ್ನು ಒಂದು ಮೊಳ ತೆಗೆಸಿ, ನೆಲವನ್ನು ನುಗ್ಗೆಮರದ ಕಡೆಗೆ ಕಣ್ಣಿಗೆ ಕಾಣದಷ್ಟು ವಾಲಿಸಿದೆವು. ತಗ್ಗಿನ ಅಂಚಿಗೆ ತೂತಿನ ಪೈಪು, ಮೇಲೆಲ್ಲ ಜಲ್ಲಿ, ಅದರ ಮೇಲೆ ಜಲ್ಲಿಪುಡಿ ಹರಡಿ ಗಟ್ಟಿಯಾಗಿ ಕುಟ್ಟಿಸಿ, ಆಮೇಲೆ ಹುಲ್ಲು. ಕುಳಿಯ ಡಬ್ಬಿಗೂ ತಳದಲ್ಲಿ ತೂತು ಹಾಕಿಸಲು ಮರೆಯಬೇಡಿ. ಇಲ್ಲದಿದ್ದರೆ ಹಾಸೆಲ್ಲ ಒಣಗಿದರೂ ಚೆಂಡು ಬಾವಿಗೆ ಬೀಳುತ್ತದೆ. ಹನುಮಂತಪ್ಪ ಕೆಲಸವೇನೋ ಮಾಡಿದ, ಆದರೆ ನನ್ನ ಬಗ್ಗೆ ಅವನಿಗಿದ್ದ ಗೌರವ ಇಳಿಯಿತು. "ಇಂಥಾ ಸೊಟ್ಟ ನೆಲ ನಾ ಮಾಡೀನಿ ಅಂತ ಯಾರ ಮುಂದೂ ಹೇಳಬ್ಯಾಡ್ರಿ ಮತ್ತ."

ಎರಡನೆಯ ಮಳೆ ಮೊದಲಿನದಕ್ಕಿಂತ ಜೋರಾಗಿ ಬಂತು. ಬೆಳಿಗ್ಗೆ ನುಗ್ಗೆಮರದ ಬುಡ ತೋಯ್ದಿತ್ತು. ಹಾಸಿನ ಮೇಲೆ ಒಂದು ಹನಿಯೂ ನಿಂತಿರಲಿಲ್ಲ. ಬಿಸಿಲೇರಿದ ಮೇಲೆ ಗಿರಿಜಾ ಬಂದು ಮೊದಲು ಪಾದದಿಂದ, ಆಮೇಲೆ ಅಂಗೈಯಿಂದ ಒತ್ತಿ ನೋಡಿದಳು. ಎದ್ದು ಒಳಗೆ ಹೋದಳು. ನಾನು ಗೆದ್ದವನ ಗತ್ತಿನಲ್ಲಿ ಕೋಲು ಒರೆಸತೊಡಗಿದೆ.

ಅವಳು ಹಿಂತಿರುಗಿದ್ದು ನನ್ನ ಹಳೆಯ ಧೋತರ ಮತ್ತು ಸಂಡಿಗೆ ಹಿಟ್ಟಿನ ಪಾತ್ರೆಯೊಂದಿಗೆ. ಧೋತರ ಹಾಸಿ, ಕುಳಿಯ ಸುತ್ತಲೂ ಸಾಲುಸಾಲಾಗಿ ಸಂಡಿಗೆ ಇಟ್ಟಳು. "ಭಾಳ ಛಲೋ ಆಗೇತ್ರಿ. ಧೂಳಿಲ್ಲ, ಇರುವಿ ಇಲ್ಲ, ನೀರು ನಿಲ್ಲೂದಿಲ್ಲ. ಉಳಿದರ್ಧಾನೂ ಹಿಂಗಾ ಮಾಡಿಸಿಬಿಡ್ರಿ."

"ಮತ್ತ ನಾನೆಲ್ಲಿ ಆಡ್ಲಿ?"

"ಆಡ್ರಿ, ಯಾರು ಬ್ಯಾಡ ಅಂದಾರ? ಸಂಡಗಿ ತುಳೀಬ್ಯಾಡ್ರಿ ಅಷ್ಟಾ."

ಕರಾರನ್ನು ಆಗ ಎರಡನೆಯ ಸಲ ಓದಿಕೊಂಡೆ. ಸಂಡಿಗೆ ಹಾಕುವ ಹಾಗಿರಬೇಕು ಎಂದು ಅವಳು ಮೊದಲೇ ಹೇಳಿದ್ದಳು. ನಾನು ಉಪಮೆ ಎಂದುಕೊಂಡಿದ್ದೆ. ನೀರು ಹೋದ ಜಾಗ ಖಾಲಿ ಉಳಿಯುವುದಿಲ್ಲ, ಯಾರಾದರೂ ಬಂದು ಕೂರುತ್ತಾರೆ. ಕಪ್ಪೆಗಳಿಗಿಂತ ಸಂಡಿಗೆ ವಾಸಿ, ಕರಿದುಕೊಂಡಾದರೂ ತಿನ್ನಬಹುದು. ಈಗ ದಿನವೂ ನೆರಳಿಗೆ ಕುರ್ಚಿ ಹಾಕಿಕೊಂಡು ಕಾವಲು ಕೂರುತ್ತೇನೆ. ಗಾಲ್ಫ್ ಕೋಲಿನ ತೂಕ, ಉದ್ದ, ಹಿಡಿಕೆ ಎಲ್ಲವೂ ಎಷ್ಟು ಹದವಾಗಿವೆಯೆಂದರೆ, ಕಾಗೆ ಓಡಿಸಲು ಅದಕ್ಕಿಂತ ಒಳ್ಳೆಯ ಸಾಮಾನನ್ನು ನಾನು ಈವರೆಗೆ ಕೊಂಡಿಲ್ಲ.